ಮೇಷ್ಟ್ರು ಒಪ್ಪದ ಬ್ಯಾಂಡ್‌ಸಾ

ಮೊನ್ನೆ ಶ್ರೀರಂಗಪಟ್ಟಣದಲ್ಲಿ ಒಬ್ಬರ ಶೆಡ್ಡಿನಲ್ಲಿ ನಿಂತಿದ್ದೆ. ಕುರ್ಚಿ ಮೇಜು ಮಾಡುವ ಕೆಲಸ ನಿಲ್ಲಿಸಿ ಸಾಮಾನು ಮಾರುತ್ತಿದ್ದಾರೆ ಅಂತ ಕೇಳಿ ಹೋಗಿದ್ದು. ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಒಂದು ಬ್ಯಾಂಡ್‌ಸಾ ಇತ್ತು. ಮೇಲೊಂದು ಕೆಳಗೊಂದು ಚಕ್ರ, ಎರಡನ್ನೂ ಬಳಸಿಕೊಂಡು ಬೆಲ್ಟಿನ ಹಾಗೆ ಸುತ್ತುವ ಹಲ್ಲಿನ ಪಟ್ಟಿ, ನಡುವೆ ಒಂದು ಕಬ್ಬಿಣದ ಮೇಜು. ಮರವನ್ನು ಆ ಮೇಜಿನ ಮೇಲಿಟ್ಟು ತಳ್ಳಿದರೆ ಪಟ್ಟಿ ಕುಯ್ದುಕೊಂಡು ಹೋಗುತ್ತದೆ, ಅಷ್ಟೇ ಅದರ ಮರ್ಮ. ಶೆಡ್ಡಿನವರು ಗೋಣಿ ತೆಗೆದು, ಸ್ವಿಚ್ಚು ಹಾಕಿ, ಅಲ್ಲೇ ಬಿದ್ದಿದ್ದ ಹಸಿ ಬೇವಿನ ತುಂಡೊಂದನ್ನು ಕುಯ್ದು ತೋರಿಸಿದರು. ಹೊಟ್ಟು ಹಾರಿ ನನ್ನ ಸೆರಗಿನ ಮೇಲೆ ಬಿತ್ತು. ಆ ಕಹಿ ವಾಸನೆ ಮೂಗಿಗೆ ಹೊಡೆಯಿತು ನೋಡಿ... ಯಂತ್ರ ನೋಡಲು ಹೋದವಳು ಯಂತ್ರ ಮರೆತು ನಿಂತುಬಿಟ್ಟೆ.

“ಯಾಕಮ್ಮ, ಸದ್ದು ಜಾಸ್ತಿ ಆಯ್ತಾ?” ಅಂದರು ಅವರು.

“ಇಲ್ಲ ಬುಡಿ, ಕಣ್ಗೆ ಹೊಟ್ಟು ಬಿತ್ತು” ಅಂದೆ. ಕಣ್ಣಿಗೆ ಏನೂ ಬಿದ್ದಿರಲಿಲ್ಲ.

ನಾನು ಮರ ಕಡೆಯುವವಳು. ಪಾಂಡವಪುರದಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಒಂದು ಲೇತು. ಮರದ ತುಂಡನ್ನು ಅದಕ್ಕೆ ಕಚ್ಚಿಸಿ ಗಿರ್ರನೆ ತಿರುಗಿಸಿ, ಉಳಿ ಕೊಟ್ಟು ಲಟ್ಟಣಿಗೆ, ಕಡೆಗೋಲು, ಕುಂಕುಮದ ಭರಣಿ, ಮಕ್ಕಳಿಗೆ ಬುಗುರಿ ಮಾಡುತ್ತೇನೆ. ಕಡೆಯೋದು ಸುಲಭ. ಅದಕ್ಕೆ ಮುಂಚೆ ದಿಮ್ಮಿಯನ್ನು ತುಂಡು ಮಾಡಿ, ಸೀಳಿ, ಮೂಲೆ ಹಾರಿಸಿ ದುಂಡಗೆ ತರೋದಿದೆಯಲ್ಲ, ಅದು ಪ್ರಾಣ ಹಿಂಡುವ ಕೆಲಸ. ಇಷ್ಟು ದಿನ ಸಾಮಿಲ್ಲಿನವರು ಕುಯ್ದು ಕೊಡುತ್ತಿದ್ದರು. ಈಗ ಅವರಿಗೆ ಚಿಕ್ಕ ತುಂಡು ಅಂದರೆ ತಾತ್ಸಾರ. “ನಿಮ್ಮ ಮೊಳದುದ್ದ ಕೊರಡಿಗೆ ಅಷ್ಟ್ ದೊಡ್ಡ ಮಿಷಿನ್ ಯಾರಮ್ಮ ಓಡಿಸ್ತಾರೆ” ಅಂದರು ಹೋದ ತಿಂಗಳು. ನನಗೂ ರೋಷ ಬಂತು. ನಂದೇ ಒಂದು ತಂದುಕೊಳ್ಳುತ್ತೇನೆ ಅಂತ ಹೇಳಿ ಎದ್ದು ಬಂದೆ.

ಬ್ಯಾಂಡ್‌ಸಾ ನೋಡೋದು ನನಗೆ ಹೊಸದಲ್ಲ. ಮೂವತ್ತು ವರ್ಷದ ಹಿಂದೆ ಈ ಸುತ್ತಿನ ತಾಲ್ಲೂಕುಗಳಲ್ಲಿ ಮಾರಾಟಕ್ಕಿದ್ದ ಬ್ಯಾಂಡ್‌ಸಾಗಳನ್ನೆಲ್ಲ ನೋಡಿ ಬಂದವಳು ನಾನು. ನನಗಾಗಿ ಅಲ್ಲ, ನಮ್ಮ ಬೀದಿಯ ಕ್ರಾಫ್ಟ್ ಮೇಷ್ಟ್ರಿಗಾಗಿ. ಹೈಸ್ಕೂಲಿನಲ್ಲಿ ಹುಡುಗರಿಗೆ ಮರಗೆಲಸ ಕಲಿಸುತ್ತಿದ್ದರು. ರಜದ ದಿನ ಮನೆ ಹಿಂದೆ ತಮ್ಮದೇ ಲೇತಿನಲ್ಲಿ ಏನಾದರೂ ಕಡೆಯುತ್ತ ಕೂರುತ್ತಿದ್ದರು. ಅರ್ಧ ತೋಳಿನ ಬಿಳಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲು, ಹುಬ್ಬಿನ ಮೇಲೆ ಸದಾ ಒಂದಿಷ್ಟು ಹೊಟ್ಟು. ಮಾತು ಕಮ್ಮಿ. ರಾಹುಕಾಲ, ಗುಳಿಕಕಾಲ ಅಂತ ಯಾರಾದರೂ ಅಂದರೆ ಮಾತ್ರ ಉರಿದು ಬೀಳುತ್ತಿದ್ದರು. ಹೊಸ ಉಳಿಗೆ ಹಿಡಿ ಹಾಕೋದಿದ್ದರೆ ಬೇಕಂತಲೇ ರಾಹುಕಾಲ ಕಾದು ಹಾಕುತ್ತಿದ್ದ ಮನುಷ್ಯ.

ಆಗ ನಾನು ಗಂಡನ ಮನೆ ಬಿಟ್ಟು ಬಂದಿದ್ದೆ. ಕಿಕ್ಕೇರಿ ಕಡೆ ಕೊಟ್ಟಿದ್ದರು. ಯಾಕೆ ಬಿಟ್ಟು ಬಂದೆ ಅಂತ ಇಲ್ಲಿ ಬರೆಯೋದಿಲ್ಲ. ಬರೆದರೆ ಇದು ಆ ಮನುಷ್ಯನ ಮೇಲಿನ ಲೇಖನ ಆಗಿಬಿಡುತ್ತದೆ, ಅಷ್ಟು ಯೋಗ್ಯತೆ ಅವನಿಗಿಲ್ಲ. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಅವ್ವ, ಕರೆಯೋ ಹಸು, ನಾನು. ಬಂದ ಹೊಸದರಲ್ಲಿ ಬೀದಿಯವರು ಹಬ್ಬಕ್ಕೆ ಬಂದಿದ್ದಾಳೆ ಅಂದುಕೊಂಡರು. ಹಬ್ಬ ಮುಗಿಯಿತು. ಇನ್ನೊಂದು ಹಬ್ಬವೂ ಬಂತು. “ಯಾವಾಗವ್ವ ಓಗದು ಊರ್ಗೆ?” ಅಂತ ಕೇಳತೊಡಗಿದರು.

ನಮ್ಮ ಕಡೆ ಹೆಣ್ಣುಮಗಳು ಬೀದಿಗೆ ಕಾಲಿಟ್ಟರೆ ‘ಎಲ್ಲಿಗೆ?’ ಅಂತ ಕೇಳದವರಿಲ್ಲ. ಕೆಟ್ಟ ಬುದ್ಧಿಯಿಂದ ಕೇಳುತ್ತಾರೆ ಅಂತಲ್ಲ, ಅದು ಒಂಥರಾ ನಮಸ್ಕಾರವಿದ್ದ ಹಾಗೆ. ಅಂಗಡಿಗೆ, ಡೈರಿಗೆ, ಗಿರಣಿಗೆ... ಏನೋ ಒಂದು ಹೇಳಿ ಮುಂದೆ ಹೋದರಾಯಿತು. ನನಗೆ ಮಾತ್ರ ಯಾವ ಉತ್ತರ ಕೊಟ್ಟರೂ ಅದರ ಬಾಲಕ್ಕೆ ಇನ್ನೊಂದು ಪ್ರಶ್ನೆ ಅಂಟಿಕೊಂಡು ಬರುತ್ತಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳಾ ಅಂತ ಗಾದೆ. ನಾನು ನೀರಿಗೂ ಹೋಗಲಿಲ್ಲ. ಹಿಂದಿನ ಕೋಣೆ ಸೇರಿಕೊಂಡೆ. ತಲೆ ಬಾಚಿಕೊಳ್ಳೋದನ್ನೂ ಬಿಟ್ಟೆ. ಅವ್ವ ಒಲೆ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದಳು, ಅದು ಕೇಳಿಸಿ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ಹಾಗೇ ಇದ್ದುಬಿಟ್ಟಿದ್ದರೆ ನಾನು ಏನಾಗುತ್ತಿದ್ದೆನೋ ನನಗೆ ಗೊತ್ತಿಲ್ಲ. ಬದುಕಿರುತ್ತಿದ್ದೆ ಅಂತ ಧೈರ್ಯವಾಗಿ ಹೇಳಲಾರೆ.

ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ನಮ್ಮ ಜಗಲಿಗೆ ಬಂದರು. ಅವರ ಜೊತೆ ಗರಗಸ ಎಳೆಯುತ್ತಿದ್ದ ಇನ್ನೊಬ್ಬ ಮೇಷ್ಟ್ರಿಗೆ ನಾಗಮಂಗಲಕ್ಕೆ ವರ್ಗವಾಗಿತ್ತಂತೆ. ಎರಡು ಕಡೆ ಹಿಡಿ ಇರುವ ಉದ್ದ ಗರಗಸ ಅದು, ಒಬ್ಬರಿಂದ ಆಗುವ ಕೆಲಸ ಅಲ್ಲ.

“ನಿಮ್ಮ ಮಗಳನ್ನ ಒಂದ್ ಗಳಿಗೆ ಕಳ್ಸವ್ವ. ಆ ಕಡೆ ಇಡ್ಕಳಕ್ಕೆ ಜನ ಇಲ್ಲ” ಅಂದರು.

“ಗಂಡುಸ್ರ ಕೆಲ್ಸ ಅಲ್ವಾ ಮೇಷ್ಟ್ರೆ ಅದು?” ಅಂದಳು ಅವ್ವ.

“ಗರಗಸಕ್ಕೆ ಅದೆಲ್ಲ ಗೊತ್ತಾಗಕಿಲ್ಲ ಕಣವ್ವ.”

ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ. ಅವ್ವ ಕೋಣೆ ಬಾಗಿಲಿಗೆ ಬಂದು ನೋಡಿದಳು, ಅವಳ ಮುಖ ನೋಡಲಾರದೆ ಎದ್ದೆ. ನಮ್ಮ ಮನೆಯಿಂದ ಅವರ ಮನೆಗೆ ಹತ್ತು ಬಾಗಿಲೂ ಇಲ್ಲ. ಅಷ್ಟರಲ್ಲೇ ಒಬ್ಬಳು ಕೇಳಿದಳು, “ಎಲ್ಲಿಗ್ ಓಯ್ತಾ ಇದ್ದೀಯವ್ವ?” ಅಂತ. “ಮೇಷ್ಟ್ರ ಮನೆಗೆ, ಮರ ಕುಯ್ಯಕ್ಕೆ” ಅಂದೆ. ಆ ಹೆಂಗಸು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಅಂಥ ಉತ್ತರಕ್ಕೆ ಮುಂದಿನ ಪ್ರಶ್ನೆ ಅವಳ ಹತ್ತಿರ ಇರಲಿಲ್ಲ. ನನಗೆ ಒಳಗೊಳಗೇ ನಗು ಬಂತು. ಎಷ್ಟು ದಿನದ ಮೇಲೆ ಬಂದ ನಗುವೋ.

ಮೊದಲ ದಿನ ಗರಗಸ ಬಳುಕಿ ಬಳುಕಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ನಾನು ಎಳೆಯೋದಲ್ಲದೆ ಅವರ ಕಡೆಗೆ ತಳ್ಳುತ್ತಲೂ ಇದ್ದೆ. “ತಳ್ಳಬ್ಯಾಡ ಕಣವ್ವ. ನಿನ್ ಪಾಲು ಎಳಿ, ಆಮೇಲ್ ಬುಟ್ಬುಡು. ವಾಪಸ್ ಎಳ್ಕಳದು ನನ್ ಕೆಲ್ಸ” ಅಂದರು. ಬೇವಿನ ದಿಮ್ಮಿ ಅದು. ಮಧ್ಯಾಹ್ನದ ಹೊತ್ತಿಗೆ ಅಂಗೈ ಬೊಬ್ಬೆ ಎದ್ದಿತ್ತು, ಮೈಯೆಲ್ಲ ಕಹಿ ಹೊಟ್ಟು. ಮೇಷ್ಟ್ರ ಹೆಂಡತಿ, ನಾವೆಲ್ಲ ಮೇಷ್ಟ್ರಮ್ಮ ಅನ್ನುತ್ತಿದ್ದೆವು, ಬಿಸಿ ಮುದ್ದೆ, ಉಪ್ಸಾರು ಹಾಕಿದರು. ನಾಚಿಕೆ ಇಲ್ಲದೆ ಉಂಡೆ. ಗಂಡನ ಮನೆ ಬಿಟ್ಟ ಮೇಲೆ ಊಟ ರುಚಿಸಿದ್ದು ಅವತ್ತೇ ಮೊದಲು.

ಅಲ್ಲಿಂದ ಪ್ರತಿ ಭಾನುವಾರ ಹೋಗತೊಡಗಿದೆ. ಮರ ಕುಯ್ದಾದ ಮೇಲೆ ಲೇತಿನ ಹತ್ತಿರ ನಿಂತು ನೋಡುತ್ತಿದ್ದೆ. ಆಮೇಲೆ ಅವರೇ ಉಳಿ ಕೈಗೆ ಕೊಟ್ಟರು. ನಾನು ಕಡೆದ ಮೊದಲ ಲಟ್ಟಣಿಗೆ ನಡುವೆ ಸೊಂಟ ಬಿಟ್ಟುಕೊಂಡಿತ್ತು, ಅದರಲ್ಲಿ ಚಪಾತಿ ಲಟ್ಟಿಸಿದರೆ ಅಂಚು ತೆಳ್ಳಗಾಗಿ ಮಧ್ಯೆ ದಪ್ಪ ಉಳಿಯುತ್ತಿತ್ತು. ಮೇಷ್ಟ್ರಮ್ಮ ಅದನ್ನೇ ವರ್ಷಗಟ್ಟಲೆ ಬಳಸಿದರು.

ಬ್ಯಾಂಡ್‌ಸಾ ವಿಷಯ ಶುರುವಾಗಿದ್ದು ಆಗಲೇ. ಮೇಷ್ಟ್ರಿಗೆ ಅದರ ಆಸೆ ಬಹಳ ಹಿಂದಿನದು. “ಒಂದ್ ಮಿಷಿನ್ ತಂದ್ಬುಟ್ರೆ ಅಲಸಿನ ಮರದಲ್ಲಿ ದೊಡ್ ಮರಿಗೆ ಕಡೀತೀನಿ, ಒಂದೇ ತುಂಡ್ನಲ್ಲಿ” ಅನ್ನುತ್ತಿದ್ದರು. ಮರಿಗೆ ಅಂದರೆ ಅಗಲ ಬಾಯಿಯ ಮರದ ಬೋಗುಣಿ. ಅಷ್ಟು ಅಗಲದ ತುಂಡನ್ನು ದುಂಡಗೆ ತರೋದು ನಮ್ಮ ಕೈಗರಗಸಕ್ಕೆ ಆಗುವ ಮಾತಲ್ಲ. ಎಲ್ಲಿಯಾದರೂ ಹಳೆಯದು ಮಾರುತ್ತಾರೆ ಅಂತ ಸುದ್ದಿ ಬಂದರೆ ಸಾಕು, ಮುಂದಿನ ರಜಕ್ಕೆ ಹೊರಡುತ್ತಿದ್ದರು. ಮೇಷ್ಟ್ರಮ್ಮನೂ ಜೊತೆಗೆ. ನನ್ನನ್ನೂ ಕರೆಯುತ್ತಿದ್ದರು. ಮೂರು ಜನ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಬಸ್ಸು ಹತ್ತುತ್ತಿದ್ದೆವು.

ಥೇಟ್ ಹೆಣ್ಣು ನೋಡುವ ಶಾಸ್ತ್ರ. ಕೆ.ಆರ್. ಪೇಟೆಯಲ್ಲಿ ಒಬ್ಬರ ಮನೆಗೆ ಹೋದಾಗ ಮೊದಲು ಚಾಪೆ ಹಾಸಿದರು. ಆ ಮನೆಯಾಕೆ ಉಪ್ಪಿಟ್ಟು, ಕಾಫಿ ತಂದಳು. ಮಳೆ, ಬೆಳೆ, ಇಬ್ಬರಿಗೂ ಗೊತ್ತಿರುವ ನೆಂಟರು ಯಾರಾದರೂ ಇದ್ದಾರಾ ಅನ್ನೋ ಮಾತು. ಅರ್ಧ ಗಂಟೆಯಾದ ಮೇಲೆ ಮನೆಯವರು, “ನೋಡ್ತೀರಾ ಅಂಗಾರೆ?” ಅಂದು ಹಿತ್ತಲಿಗೆ ಕರೆದುಕೊಂಡು ಹೋದರು. ಯಂತ್ರಕ್ಕೆ ಬೆಳಿಗ್ಗೆಯೇ ಎಣ್ಣೆ ಹಾಕಿ ಒರೆಸಿ ನಿಲ್ಲಿಸಿದ್ದರು. ಅರಿಶಿನ ಕುಂಕುಮವನ್ನೂ ಇಟ್ಟಿದ್ದರು. ಮೇಷ್ಟ್ರು ಅದರ ಸುತ್ತ ಬಂದು, ವಯಸ್ಸೆಷ್ಟು, ಎಷ್ಟು ಕೈ ದಾಟಿ ಬಂದಿದೆ, ಯಾಕೆ ಕೊಡುತ್ತಿದ್ದೀರಿ ಅಂತ ಕೇಳಿದರು. ಮೇಲಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ ಬಿಟ್ಟರು. ಅದು ಗಾಣದ ಎತ್ತಿನ ಹಾಗೆ ಒಂದು ಕಡೆಗೆ ವಾಲಿಕೊಂಡು ತಿರುಗಿತು. ಮೇಷ್ಟ್ರು ಕೈ ಒರೆಸಿಕೊಂಡು, “ಊರ್ಗೋಗಿ ಏಳಿ ಕಳುಸ್ತೀವಿ” ಅಂದರು. ಹಾಗೆ ಅಂದರೆ ಏನರ್ಥ ಅಂತ ಗೊತ್ತಿರದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ. ಆ ಮನೆಯಾಕೆಯ ಮುಖ ಬಾಡಿತು.

ವಾಪಸ್ಸು ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. “ಎದುರ್ಗೆ ಬ್ಯಾಡ ಅನ್ಬೌದಿತ್ತಲ್ಲ ಮೇಷ್ಟ್ರೆ. ನನ್ನ ನೋಡಕ್ಕೆ ಬಂದೋರೂ ಇಂಗೇ ಉಪ್ಪಿಟ್ ತಿಂದು, ಏಳಿ ಕಳುಸ್ತೀವಿ ಅಂತ ಓಗವ್ರೆ” ಅಂದೆ.

ಮೇಷ್ಟ್ರು ಕಿಟಕಿ ಕಡೆ ನೋಡುತ್ತಿದ್ದವರು ತಿರುಗಿದರು. “ಅವ್ರು ನಿನ್ನ ನೋಡುದ್ರು, ಸರಿ. ನೀನ್ ಏನ್ ನೋಡ್ದೆ?”

“ನಾನೇನ್ ನೋಡದು. ತಲೆ ಬಗ್ಗುಸ್ಕಂಡು ಕೂತಿದ್ದೆ.”

“ಅದೇ ತಪ್ಪು” ಅಂದರು. “ಇನ್ಮೇಲೆ ಮಿಷಿನ್ ನೋಡೋಳು ನೀನು. ನಾನು ಉಪ್ಪಿಟ್ ತಿಂತೀನಿ.”

ನಿಜಕ್ಕೂ ಹಾಗೇ ಮಾಡಿದರು. ಮುಂದಿನ ಸಲದಿಂದ ಚಾಪೆಯ ಮೇಲೆ ಅವರು ಕೂತರು, ಹಿತ್ತಲಿಗೆ ನನ್ನನ್ನು ಕಳಿಸಿದರು. ಒಂದೊಂದೇ ಕಲಿತೆ. ಚಕ್ರದ ಮೇಲಿನ ರಬ್ಬರು ಬಿರುಕು ಬಿಟ್ಟಿರಬಾರದು. ಪಟ್ಟಿ ಅಗಲ ಇದ್ದರೆ ನೆಟ್ಟಗೆ ಹೋಗುತ್ತದೆ, ದುಂಡು ತಿರುಗಿಸಬೇಕಾದರೆ ಕಿರಿದು ಬೇಕು. ಹಸಿ ಮರಕ್ಕೆ ಹಲ್ಲು ದೂರ ದೂರ ಇರಬೇಕು, ಒತ್ತಾಗಿದ್ದರೆ ಹೊಟ್ಟು ಸಿಕ್ಕಿಕೊಂಡು ಪಟ್ಟಿ ಬಿಸಿಯೇರುತ್ತದೆ. ಎಲ್ಲಕ್ಕಿಂತ ಮುಖ್ಯ, ಮೇಜಿನಿಂದ ಮೇಲಕ್ಕೆ ಎಷ್ಟು ದಪ್ಪದ ಮರ ನುಗ್ಗುತ್ತದೆ ಅನ್ನೋದು. ಹಲಗೆ ಸೀಳುವವರಿಗೆ ಅದು ಅಷ್ಟು ಬೇಕಾಗಿಲ್ಲ, ನಮ್ಮಂಥ ಕಡೆಯುವವರಿಗೆ ಅದೇ ಜೀವ. ಗಂಡಸರ ಮಧ್ಯೆ ತಲೆ ಎತ್ತಿ ನಿಂತು, “ಇದ್ರ ಮೇಲ್ಗಡೆ ಬೇರಿಂಗ್ ಓಗದೆ, ನೀವ್ ಬದಲಾಯ್ಸಿಲ್ಲ” ಅಂತ ಹೇಳುವಷ್ಟಾದೆ.

ಆಗ ಶ್ರೀರಂಗಪಟ್ಟಣದಲ್ಲಿ ನೋಡಿದ್ದಕ್ಕೆ ಮೂರು ಫೇಸ್ ಕರೆಂಟು ಬೇಕಿತ್ತು, ಮೇಷ್ಟ್ರ ಮನೆಯಲ್ಲಿದ್ದದ್ದು ಒಂದೇ ಫೇಸು. ನಾಗಮಂಗಲದ್ದು ಎತ್ತರ ಸಾಲದು. ಕಿಕ್ಕೇರಿಯಲ್ಲಿ ಒಂದಿದೆ ಅಂತ ಸುದ್ದಿ ಬಂದಾಗ ಮೇಷ್ಟ್ರು ನನ್ನ ಮುಖ ನೋಡಿ, “ಅದು ಚೆನ್ನಾಗಿಲ್ಲ ಬುಡು” ಅಂದರು, ನೋಡದೆಯೇ. ಹೀಗೆ ಎರಡು ವರ್ಷ ಕಳೆಯಿತು. ಬೀದಿಯಲ್ಲಿ ಮೇಷ್ಟ್ರಿಗೆ ‘ಮಿಷಿನ್ ಮದುವಣಿಗ’ ಅಂತಲೇ ಹೆಸರಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಅವ್ವನೂ ಆಡಿಕೊಂಡಳು.

ಅಷ್ಟರಲ್ಲಿ ಅವರ ಬಲ ಭುಜ ಕೆಟ್ಟಿತು. ಗರಗಸ ಎಳೆಯುವಾಗ ಹಲ್ಲು ಕಚ್ಚುತ್ತಿದ್ದರು. ನಾನು ನಿಲ್ಲಿಸಿದರೆ, “ಯಾಕ್ ನಿಲ್ಸಿದ್ದು?” ಅಂತ ಗದರುತ್ತಿದ್ದರು. ಒಂದು ದಿನ ಒಳಗೆ ಹೋದಾಗ ಮೇಷ್ಟ್ರಮ್ಮ ಅವರ ಭುಜಕ್ಕೆ ಕರ್ಪೂರದ ಎಣ್ಣೆ ತಿಕ್ಕುತ್ತಿದ್ದರು. ತೋಳು ಎತ್ತಲಾರದೆ ಅವರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಯಂತ್ರ ಬಂದರೆ ಆ ನೋವು ತಪ್ಪುತ್ತದೆ. ಯಂತ್ರ ಬಂದರೆ ನನ್ನ ಭಾನುವಾರವೂ ಹೋಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಮತ್ತೆ ಆ ಹಿಂದಿನ ಕೋಣೆಯೇ ಗತಿ. ಆದರೂ ಆ ಭುಜ ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ.

ಬಿಂಡಿಗನವಿಲೆ ಹತ್ತಿರದ ಒಂದು ಹಳ್ಳಿಯಲ್ಲಿ ಆಚಾರಿಯೊಬ್ಬರು ಚಿಕ್ಕ ಬ್ಯಾಂಡ್‌ಸಾ ತಂದು, ಮಗ ಬೇರೆ ಕೆಲಸ ಹಿಡಿದದ್ದರಿಂದ ಹಾಗೇ ಇಟ್ಟಿದ್ದಾರೆ ಅಂತ ಯಾರೋ ಅಂದರು. ಮೇಷ್ಟ್ರಿಗೆ ಹೇಳದೆ ನಾನೇ ಹೋದೆ. ಪಾಂಡವಪುರದಿಂದ ನಾಗಮಂಗಲ, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಹೊಲದ ಬದುವಿನಲ್ಲಿ ಕುರಿ ಹಿಂಡಿನ ಹಿಂದೆ ನಡಿಗೆ. ಗಂಡನ ಮನೆಯಿಂದ ಬಂದ ಮೇಲೆ ನಾನು ಒಬ್ಬಳೇ ಅಷ್ಟು ದೂರ ಹೋಗಿದ್ದು ಅದೇ ಮೊದಲು, ಅದು ನನಗೆ ಹೊಳೆದದ್ದೂ ವಾಪಸ್ಸು ಬರುವಾಗ. ಯಂತ್ರ ನೋಡಿದೆ. ಚಕ್ರ ತಿರುಗಿಸಿದೆ, ನೂಲು ಹಿಡಿದ ಹಾಗೆ ನೆಟ್ಟಗೆ ತಿರುಗಿತು. ರಬ್ಬರು ಹೊಸದು. ಒಂದೇ ಫೇಸಿನ ಮೋಟರು. ಎತ್ತರ ಒಂದೂವರೆ ಗೇಣಿಗೂ ಮೇಲೆ. ಹಲಸಿನ ತುಂಡು ಸಲೀಸಾಗಿ ಹೋಗುತ್ತಿತ್ತು. ಒಂದು ಕೊರತೆ ಹುಡುಕೋಣವೆಂದರೆ ಸಿಗಲಿಲ್ಲ.

ಮುಂದಿನ ಭಾನುವಾರ ಮೂವರೂ ಹೋದೆವು. ಮೇಷ್ಟ್ರು ಉಪ್ಪಿಟ್ಟು ತಿನ್ನುತ್ತ ಕೂರಲಿಲ್ಲ, ನೇರ ಹಿತ್ತಲಿಗೆ ಬಂದರು. ಚಕ್ರ ನೋಡಿದರು. ಮೇಜಿನ ಮೇಲೆ ಅಂಗೈ ಆಡಿಸಿದರು. ಸ್ವಿಚ್ಚು ಹಾಕಿಸಿ ಒಂದು ತುಂಡು ತಾವೇ ಕುಯ್ದರು. ಕುಯ್ಯುವಾಗ ಅವರ ಮುಖ ನೋಡಬೇಕಿತ್ತು ನೀವು... ಭುಜ ನೋಯದೆ ಮರ ಕುಯ್ದು ಎಷ್ಟು ದಿನವಾಗಿತ್ತೋ. ನಾನು ಮನಸ್ಸಿನಲ್ಲೇ ಆಯಿತು, ಮುಗಿಯಿತು ಅಂದುಕೊಂಡೆ. ಮೇಷ್ಟ್ರು ಸ್ವಿಚ್ಚು ಆರಿಸಿ, ಮೇಜಿನ ಮೇಲಿನ ಹೊಟ್ಟನ್ನು ಕೈಯಿಂದ ಗುಡಿಸಿದರು. ಮೇಷ್ಟ್ರಮ್ಮನ ಮುಖ ನೋಡಿದರು. ಆಮೇಲೆ ಆಚಾರಿಗೆ ಹೇಳಿದರು, “ಇದ್ರ ಮೋಟ್ರು ಎಡಕ್ಕದೆ. ನಮ್ಮನೆ ಬಾಗ್ಲು ಉತ್ರಕ್ಕೆ. ಆಗ್ಬರಕಿಲ್ಲ.”

ನನಗೆ ನಂಬಲಾಗಲಿಲ್ಲ. ರಾಹುಕಾಲ ಕಾದು ಉಳಿಗೆ ಹಿಡಿ ಹಾಕುವ ಮನುಷ್ಯ ಯಂತ್ರಕ್ಕೆ ದಿಕ್ಕು ನೋಡುತ್ತಿದ್ದಾರೆ. ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲಿ ಅವರ ಹತ್ತಿರ ಕೂರಲಿಲ್ಲ, ಮುಂದೆ ಹೋಗಿ ಹೆಂಗಸರ ಸೀಟಿನಲ್ಲಿ ಕೂತೆ. ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅಂದುಬಿಟ್ಟೆ, “ನೀವು ಮಿಷಿನ್ ತಕಳೋರಲ್ಲ ಮೇಷ್ಟ್ರೆ. ಬರೀ ನೋಡೋರು. ಜನ್ರ ಮೂಗಿಗೆ ತುಪ್ಪ ಸವರೋರು.”

“ಅಂಗೇ ಅನ್ಕ ಬುಡವ್ವ” ಅಂದರು ಅವರು. ಭುಜ ಹಿಡಿದುಕೊಂಡು ಬೀದಿ ಕಡೆ ನಡೆದರು.

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಹನ್ನೊಂದು ಗಂಟೆಗೆ ಅವರೇ ಜಗಲಿಗೆ ಬಂದು ನಿಂತರು. “ಮರ ಬಂದು ಬಿದ್ದದೆ ಕಣವ್ವ. ಒಬ್ನ ಕೈಲಿ ಆಗಕಿಲ್ಲ” ಅಂದರು. ಎದ್ದು ಹೋದೆ. ಅವತ್ತೆಲ್ಲ ಗರಗಸ ಮಾತ್ರ ಆ ಕಡೆಯಿಂದ ಈ ಕಡೆಗೆ ಓಡಾಡಿತು. ಆಮೇಲೆ ಬ್ಯಾಂಡ್‌ಸಾ ಮಾತು ಆ ಮನೆಯಲ್ಲಿ ಬರಲೇ ಇಲ್ಲ.

ವರ್ಷಗಳು ಹೋದವು. ನಾನು ನನ್ನದೇ ಲೇತು ಹಾಕಿಕೊಂಡೆ. ಶ್ರೀರಂಗಪಟ್ಟಣಕ್ಕೆ ಬರುವ ಯಾತ್ರಿಕರಿಗೆ ಮಾರುವ ಅಂಗಡಿಗಳಿಗೆ ಭರಣಿ, ಬುಗುರಿ ಕೊಡತೊಡಗಿದೆ. ಕೆಲಸ ಹೆಚ್ಚಿದ ಹಾಗೆ ಭಾನುವಾರಗಳು ತಪ್ಪಿದವು. ಎಲ್ಲಿಗೆ ಅಂತ ಕೇಳುವವರು ಕೇಳುತ್ತಲೇ ಇದ್ದರು, ನನಗೆ ನಿಂತು ಉತ್ತರ ಹೇಳಲು ಪುರಸೊತ್ತು ಇರಲಿಲ್ಲ. ಮೇಷ್ಟ್ರು ನಿವೃತ್ತರಾದರು. ಕೊನೆಕೊನೆಗೆ ಆ ಬಲಗೈ ತಟ್ಟೆಯಿಂದ ಬಾಯಿಗೂ ಸರಿಯಾಗಿ ಬರುತ್ತಿರಲಿಲ್ಲ. ಹಲಸಿನ ಮರಿಗೆ ಅವರು ಕಡೆಯಲೇ ಇಲ್ಲ. ಒಂದು ದಿನ ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲವಂತೆ. ಮಣ್ಣಿಗೆ ಹೋಗಿ ಬಂದವಳು ಸೀರೆ ಕೂಡ ಬದಲಾಯಿಸದೆ ಚಪ್ಪರದ ಕೆಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಮೇಷ್ಟ್ರಮ್ಮ ಈಗ ಶ್ರೀರಂಗಪಟ್ಟಣದಲ್ಲೇ ಮಗಳ ಮನೆಯಲ್ಲಿದ್ದಾರೆ. ಮೊನ್ನೆ ಶೆಡ್ಡಿನಿಂದ ನೇರ ಅಲ್ಲಿಗೆ ಹೋದೆ. ಮೊಮ್ಮಗಳಿಗೆ ಜಡೆ ಹಾಕುತ್ತ ಕೂತಿದ್ದರು. ನನ್ನ ಸೆರಗಿನ ಮೇಲಿನ ಹೊಟ್ಟು ನೋಡಿ, “ಎಲ್ ಮರ ಕುಯ್ದ್‌ಬಂದೆ ಮಗ?” ಅಂದರು. ಬ್ಯಾಂಡ್‌ಸಾ ನೋಡಿಕೊಂಡು ಬಂದೆ, ಚೆನ್ನಾಗಿದೆ, ತೆಗೆದುಕೊಳ್ಳೋಣ ಅಂತಿದ್ದೀನಿ ಅಂದೆ. “ಮೋಟ್ರು ಎಡಕ್ಕದೆಯೋ ಬಲಕ್ಕದೆಯೋ ನಾನ್ ನೋಡ್ಲಿಲ್ಲ” ಅಂತಲೂ ಸೇರಿಸಿದೆ, ನಗಲಿ ಅಂತ.

ಅವರು ನಗಲಿಲ್ಲ. ಜಡೆ ಕಟ್ಟಿ ಮಗುವನ್ನು ಆಡಲು ಕಳಿಸಿ, “ಆ ಬಿಂಡಿಗನವಿಲೆ ಮಿಷಿನ್ನು... ಅಂತದ್ದು ಆಮೇಲೆ ಎಲ್ಲೂ ಸಿಗ್ನಿಲ್ಲ ಅವ್ರಿಗೆ. ಅವತ್ತು ಬಂದೋರು ಊಟಾನೇ ಮಾಡ್ಲಿಲ್ಲ” ಅಂದರು.

“ಮತ್ತೆ ತರ್ಬೇಕಾಗಿತ್ತು.”

“ನಾನೂ ಅದೇ ಅಂದೆ ಕಣೆ. ‘ಮಿಷಿನ್ ತಂದ್ರೆ ಆ ಮಗ ಬೀದಿಯೋರ್ಗೆ ಏನ್ ಏಳ್ಕಂಡು ಮನೆಯಿಂದ ಆಚ್ಗೆ ಬತ್ತದೆ?’ ಅಂದ್ರು.” ಇಷ್ಟು ಹೇಳಿ ಅವರು ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ಬಿಡಿಸತೊಡಗಿದರು. “ನಿಂಗ್ ಗೊತ್ತದೆ ಅಂತ್ಲೇ ಅನ್ಕಂಡಿದ್ದೆ ನಾನು.”

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಅವರನ್ನು ಪುಕ್ಕಲು ಅಂದುಕೊಂಡಿದ್ದೆ, ಆರಿಸಲು ಬಾರದವರು ಅಂದುಕೊಂಡಿದ್ದೆ. ಗರಗಸ ಎಳೆಯುವಾಗ ಎದುರಿಗೆ ಕಚ್ಚಿಕೊಂಡ ಆ ಹಲ್ಲು, ಎಣ್ಣೆ ತಿಕ್ಕಿಸಿಕೊಳ್ಳುತ್ತ ಮುಚ್ಚಿದ ಆ ಕಣ್ಣು ಒಂದೊಂದೇ ಎದುರಿಗೆ ಬಂದವು.

“ಆಗ್ಲೇ ಒಂದ್ ಮಾತು ಏಳ್ಬಾರ್ದಿತ್ತಾ ಮೇಷ್ಟ್ರಮ್ಮ?” ಅಂದೆ.

“ಏಳಿದ್ರೆ ನೀನ್ ಬತ್ತಿದ್ದಾ?”

ಬರುತ್ತಿರಲಿಲ್ಲ. ಕನಿಕರಕ್ಕೆ ಕರೆಯುತ್ತಿದ್ದಾರೆ ಅಂತ ಒಂದಿಷ್ಟು ಅನುಮಾನ ಬಂದಿದ್ದರೂ ಸಾಕಿತ್ತು, ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ನನ್ನ ಜಂಬ ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕೆಲಸಕ್ಕೆ ಕರೆದರು, ಗದರಿದರು, ಬೈಸಿಕೊಂಡರು, ಬೀದಿಯವರ ನಗೆಪಾಟಲಿಗೂ ಗುರಿಯಾದರು.

ಶ್ರೀರಂಗಪಟ್ಟಣದ ಯಂತ್ರ ಈ ಸೋಮವಾರ ಟೆಂಪೋದಲ್ಲಿ ಬಂತು. ಚಪ್ಪರದ ಕೆಳಗೆ ನಿಲ್ಲಿಸಿದ್ದೇನೆ. ಚೆನ್ನಾಗಿ ಕುಯ್ಯುತ್ತದೆ. ಇಬ್ಬರು ಅರ್ಧ ದಿನ ಎಳೆಯುತ್ತಿದ್ದ ಕೊರಡು ಕಾಫಿ ಆರುವುದರೊಳಗೆ ತುಂಡಾಗುತ್ತದೆ, ಯಾರೂ ಬೇಕಾಗಿಲ್ಲ. ಮೇಷ್ಟ್ರು ಇದ್ದಿದ್ದರೆ ಇದನ್ನು ನಾನೇ ಹೊರಿಸಿಕೊಂಡು ಹೋಗಿ ಅವರ ಹಿತ್ತಲಿಗೆ ಇಳಿಸುತ್ತಿದ್ದೆ. ಭಾನುವಾರ ಬೆಳಿಗ್ಗೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ಈಗ ನಾನು ಯಾವ ಕೆಲಸವೂ ಇಲ್ಲದೆ, ಯಾರಿಗೂ ಏನೂ ಹೇಳದೆ ಒಬ್ಬರ ಮನೆಗೆ ಹೋಗಿ ಕೂರಬಲ್ಲೆ. ನನ್ನನ್ನು ಈ ಧೈರ್ಯಕ್ಕೆ ಮುಟ್ಟಿಸಿದವರ ಮನೆಗೆ ಹಾಗೆ ಒಂದು ದಿನವೂ ಹೋಗಲಿಲ್ಲ.